ರೋಬೋ ಬಂದ್ರೆ ಆಯಾಗಳನ್ನೂ ಒಂದು ಮಾತು ಕೇಳಿ

ಆಸ್ಪತ್ರೆಗೆ ರೋಬೋ ಬರುತ್ತಂತೆ ಅಂದ್ರೆ ನಮ್ಮ ಶಿವಮೊಗ್ಗ ಕಡೆ ಎರಡೇ ಮಾತು. 'ಮಷಿನ್ ಕೈಗೆ ಹೊಟ್ಟೆ ಕೊಡೋದಾ?' ಇಲ್ಲಾ, 'ಇನ್ನು ನರ್ಸ್‌ಗಳಿಗೆ ಕೆಲಸ ಇಲ್ಲ ಬಿಡಿ.'

ಮೊದಲನೇದು ಬೇಗ ಮುಗಿಯುತ್ತೆ. ಆಪರೇಷನ್ ಮಾಡೋ 'ಡಾ ವಿಂಚಿ' ಅನ್ನೋ ಮಷಿನ್ನಿನಂಥ ರೋಬೋ ತಾನಾಗಿ ಏನನ್ನೂ ಕೊಯ್ಯಲ್ಲ. ಡಾಕ್ಟ್ರು ಪಕ್ಕದಲ್ಲಿ ಕೂತು, ಪರದೆ ನೋಡ್ತಾ ಕೈ ಆಡಿಸಿದ ಹಾಗೆ ಅದರ ತೋಳು ಆಡುತ್ತೆ. ತೀರ್ಥಹಳ್ಳಿಯ ನಮ್ಮ ಚಿಕ್ಕಮ್ಮನಿಗೆ ಇದನ್ನ ವಿವರಿಸಿದ್ರೆ, 'ಹಂಗಾದ್ರೆ ಡಾಕ್ಟ್ರು ಯಾರು ಅಂತ ಹೇಳು ಮಾರಾಯ, ಮಷಿನ್ ಕಟ್ಕೊಂಡು ನಂಗೇನು' ಅಂದ್ರು. ಕೇಳಬೇಕಾದ್ದನ್ನೇ ಕೇಳಿದ್ರು.

ನನ್ನ ತಲೆ ತಿನ್ನೋದು ಸಾಮಾನು ಹೊರೋ ರೋಬೋ. ಅಮೆರಿಕದ ಆಸ್ಪತ್ರೆಗಳಲ್ಲಿ 'ಟಗ್' ಅಂತ ಒಂದಿದೆ. ಔಷಧಿ, ಬಟ್ಟೆ ಎಳ್ಕೊಂಡು ತಾನೇ ಲಿಫ್ಟ್ ಹತ್ತುತ್ತೆ. ಇಂಥ ರೋಬೋ ಬಗ್ಗೆ ಬಿಲ್ಗೆ ಮುಟ್ಲು ಮತ್ತು ಜೋಡಿ ಫೋರ್ಲಿಝಿ ಅನ್ನೋ ಇಬ್ಬರು ಸಂಶೋಧಕರು 2008ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ರು. ಒಂದೇ ಆಸ್ಪತ್ರೆ, ಅದೇ ರೋಬೋ. ಬಾಣಂತಿ ವಾರ್ಡಿನವರಿಗೆ ಅಚ್ಚುಮೆಚ್ಚು, ಮೆಡಿಕಲ್ ವಾರ್ಡಿನವರಿಗೆ ಕಾಟ. ಅಲ್ಲಿ ಉಸಿರಾಡೋಕೂ ಪುರುಸೊತ್ತಿಲ್ಲ, ಕಾರಿಡಾರ್ ತುಂಬಾ ಸಾಮಾನು, ಅದರ ಮಧ್ಯೆ ಇದು ಬಂದು 'ನಾ ಬಂದೆ' ಅಂತ ಕೂಗಿದ್ರೆ ಯಾರಿಗೆ ಸಿಟ್ಟು ಬರಲ್ಲ?

ಈಗ ನಮ್ಮ ಆಸ್ಪತ್ರೆ ಕಾರಿಡಾರ್ ನೆನಪಿಸ್ಕೊಳ್ಳಿ. ಚಾಪೆ, ಫ್ಲಾಸ್ಕು, ಕಂಬಳಿ, ಹೊಸನಗರದ ಒಳಊರಿಂದ ಜೀಪು ಮಾಡ್ಕೊಂಡು ಬಂದ ಮನೆಮಂದಿ. ರಕ್ತದ ಟ್ಯೂಬ್ ಹಿಡ್ಕೊಂಡು ಲ್ಯಾಬ್ ಹುಡುಕೋರು ಅವರೇ. ಕಳೆದ ಮಳೆಗಾಲದಲ್ಲಿ ಒದ್ದೆ ಪಂಚೆಯ ಒಬ್ಬ ಅಜ್ಜ ಟ್ಯೂಬನ್ನ ಅಂಗೈಲಿ ಮುಚ್ಕೊಂಡು ಅದೇ ಮೆಟ್ಟಿಲು ಹತ್ತಿ ಇಳೀತಿದ್ರು. ಆ ಕೆಲಸ ರೋಬೋ ಮಾಡಿದ್ರೆ ನಾನಂತೂ ಕೈಮುಗೀತೀನಿ.

ಅಜ್ಜನಿಗೆ ದಾರಿ ತೋರಿಸಿದ ಆಯಾ ಹತ್ರ ಸುಮ್ನೆ ರೋಬೋ ಸುದ್ದಿ ತೆಗೆದೆ. 'ಹೊರೋದಾದ್ರೆ ಹೊರಲಿ ಸಾರ್. ಆದ್ರೆ ಜನರನ್ನ ಎಬ್ಬಿಸಿ ಅದಕ್ಕೆ ದಾರಿ ಬಿಡಿಸೋದೂ ನಮ್ಮ ತಲೆಗೇ ಬರುತ್ತೆ, ನೋಡ್ತಿರಿ' ಅಂದ್ರು. ಆ ಅಧ್ಯಯನದ ಅರ್ಧ ಸಾರ ಅಲ್ಲೇ ಬಂತು. ಅವರದ್ದು ಹೊರಗುತ್ತಿಗೆ ಕೆಲಸ. ಹಾಗಾಗಿ ಕೆಲಸ ಹೋಗೋ ಭಯವನ್ನ 'ತಿಳಿವಳಿಕೆ ಇಲ್ಲ' ಅಂತ ತಳ್ಳಿಹಾಕೋರ ಮೇಲೆ ನನಗೆ ಸಿಟ್ಟಿದೆ. ಟೆಂಡರ್ ಕರೆಯೋ ಸಾಹೇಬರು ಮೊದಲು ಒಂದು ನೈಟ್ ಶಿಫ್ಟ್ ಇವರ ಜೊತೆ ಓಡಾಡಲಿ. ರೋಬೋಗೆ ಯಾವ ಕೆಲಸ ಕೊಡಬೇಕು, ಯಾವುದು ಬೇಡ ಅಂತ ಇವರೇ ಹೇಳ್ತಾರೆ.