ಇರಲಿ ಬಿಡಿ, ಅದೇನು ಕೂಳು ಕೇಳುತ್ತದೆಯೇ?

ವಿಂಡೋಸ್ 10ರ ಬೆಂಬಲ ನಿಲ್ಲಿಸಲು ಮೈಕ್ರೋಸಾಫ್ಟ್ ಹಾಕಿದ್ದ ಗಡುವು 2025ರ ಅಕ್ಟೋಬರ್ 14. ರಾಯಚೂರಿನ ರಾಜೇಂದ್ರ ಗಂಜ್ ಮಾರುಕಟ್ಟೆಗೆ ಹೊಸ ಹತ್ತಿ ಬರುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಅದರ ಮರುವಾರವೇ ದೀಪಾವಳಿ. ನಾನು ಲೆಕ್ಕ ಬರೆಯುವ ಅಡತ್ ಅಂಗಡಿಯಲ್ಲಿ ಲಕ್ಷ್ಮೀಪೂಜೆಯಂದು ಖಾತೆ ಪುಸ್ತಕದ ಜೊತೆಗೆ ಕಂಪ್ಯೂಟರಿಗೂ ಕುಂಕುಮ ಹಚ್ಚುತ್ತೇವೆ. ಹಾಗಾಗಿ ಪೂಜೆಯೊಳಗೆ ವಿಂಡೋಸ್ ಹನ್ನೊಂದು ಬಂದು ಕೂತಿರಬೇಕೆಂದು ಸಾಹುಕಾರರ ಅಪ್ಪಣೆಯಾಯಿತು.

ಹನ್ನೊಂದು ಕೇಳುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಯಂತ್ರದಲ್ಲಿತ್ತು, ರ‍್ಯಾಮ್ ಕೂಡ ಸಾಕಷ್ಟಿತ್ತು. ಇಲ್ಲದ್ದು ಜಾಗ. ಸಿ ಡ್ರೈವಿನ ಪಟ್ಟಿ ಕೆಂಪಗೆ ತುದಿ ಮುಟ್ಟಿತ್ತು. ರಿಪೇರಿ ಹುಡುಗ ಬಂದು ಕಂಟ್ರೋಲ್ ಪ್ಯಾನೆಲ್ ತೆರೆದ. ಸಾಹುಕಾರರೂ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತರು. ಅಲ್ಲಿಗೆ ಕೆಲಸ ಕೆಟ್ಟಿತು.

ಮೊದಲು ಸಿಕ್ಕಿದ್ದು ಫ್ಲ್ಯಾಶ್ ಪ್ಲೇಯರ್. 2020ರ ಡಿಸೆಂಬರ್ 31ಕ್ಕೇ ಅಡೋಬಿ ಅದರ ಬೆಂಬಲ ನಿಲ್ಲಿಸಿದೆ ಎಂದು ಹುಡುಗ ವಿವರಿಸಿದ. "ಇರಲಿ ಬಿಡಿ, ಅದೇನು ಕೂಳು ಕೇಳುತ್ತದೆಯೇ?" ಎಂದರು ಸಾಹುಕಾರರು. ಈಗ ಯಾರ ಬಳಿಯೂ ಇಲ್ಲದ ಇಂಟರ್ನೆಟ್ ಡಾಂಗಲ್‌ಗಳ ತಂತ್ರಾಂಶಗಳಿದ್ದವು. ಅದಕ್ಕೂ ಅದೇ ಉತ್ತರ. ಜಾತಕ ನೋಡುವ ತಂತ್ರಾಂಶದ ಮೇಲೆ ಬಾಣದ ಗುರುತು ಸುಳಿದದ್ದೇ ತಡ, ಅವರು ಹುಡುಗನ ಕೈಯನ್ನೇ ಹಿಡಿದುಕೊಂಡರು. ಮೊಮ್ಮಗನ ಕಾರ್ ರೇಸಿನ ಆಟ 30 ಜಿಬಿ ನುಂಗಿ ಕೂತಿತ್ತು. ಮೊಮ್ಮಗ ಹೈದರಾಬಾದಿನ ಹಾಸ್ಟೆಲಿನಲ್ಲಿದ್ದ. ಅವನಿಗೆ ಫೋನ್ ಹೋಯಿತು. ಅವನು ಬೇಡವೆಂದ. ಅಂಗಡಿಯ ಅರ್ಧ ಸಮಸ್ಯೆ ಒಂದೇ ಏಟಿಗೆ ಬಗೆಹರಿಯಿತು, ಆದರೆ ಸಾಹುಕಾರರ ಮುಖ ಬಾಡಿತು.

ಆ್ಯಂಟಿವೈರಸ್ ಎರಡಿದ್ದವು, ಎರಡಕ್ಕೂ ಅವಧಿ ಮುಗಿದಿತ್ತು. ವಿಂಡೋಸಿನಲ್ಲೇ ಡಿಫೆಂಡರ್ ಇರುವುದರಿಂದಲೂ, ಹೊರಗಿನ ಆ್ಯಂಟಿವೈರಸ್ ಕೆಲವೊಮ್ಮೆ ಅಪ್‌ಗ್ರೇಡಿಗೇ ಅಡ್ಡಗಾಲು ಹಾಕುವುದರಿಂದಲೂ ಅವುಗಳನ್ನು ಮೊದಲೇ ಕಳಿಸುವುದು ಒಳ್ಳೆಯದು. ಹೋಗುವ ಮುನ್ನ ಒಂದು ಮಾತ್ರ, ನಮ್ಮನ್ನೇಕೆ ಬಿಡುತ್ತಿದ್ದೀರಿ ಎಂದು ಪ್ರಶ್ನಾವಳಿ ತೆರೆದಿಟ್ಟಿತು. ಸಾಹುಕಾರರು ಅದಕ್ಕೆ ಸಮಾಧಾನದ ಉತ್ತರ ಕೊಡಬೇಕೆಂದು ನನ್ನಿಂದಲೇ ಬರೆಸಿದರು.

ಆಮೇಲೆ ಬಂತು ವಿಷುವಲ್ ಸಿ ಪ್ಲಸ್ ಪ್ಲಸ್. 2005, 2008, 2010, 2012, 2013 ಎಂದು ವರ್ಷಕ್ಕೊಂದು. ಅದರಲ್ಲೂ 32 ಬಿಟ್‌ನದು, 64 ಬಿಟ್‌ನದು ಬೇರೆ ಬೇರೆ. ಮತದಾರರ ಪಟ್ಟಿಯಲ್ಲಿ ಒಂದೇ ಹೆಸರು ಹತ್ತು ಸಲ ಬಂದ ಹಾಗಿತ್ತು. ಹುಡುಗನಿಗೆ ಎಲ್ಲವನ್ನೂ ಅಳಿಸುವ ಉತ್ಸಾಹ. ಒಂದೊಂದನ್ನೂ ನಂಬಿಕೊಂಡು ಯಾವುದಾದರೂ ತಂತ್ರಾಂಶ ಇರುತ್ತದೆ, ಮುಟ್ಟಬೇಡ ಎಂದು ತಡೆದೆ. ಜಾಗವನ್ನೂ ಅವು ಹೆಚ್ಚೇನೂ ತಿನ್ನುವುದಿಲ್ಲ.

ನಾನು ಚಹಾಕ್ಕೆ ಹೋಗಿ ಬರುವಷ್ಟರಲ್ಲಿ ಅವನು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಡ್ರೈವರನ್ನು ತೆಗೆದುಹಾಕಿದ್ದ. ಅವನ ತಪ್ಪೆನ್ನಲಾರೆ. ಎರಡೂ ಅಂಚಿಗೆ ತೂತು ಕೊರೆದ ಕಾಗದ, ನಡುವೆ ಕಾರ್ಬನ್, ಕರ್ ಕರ್ ಎಂದು ಅತ್ತಿಂದಿತ್ತ ಓಡುವ ಸೂಜಿ ತಲೆ: ಇಂಥದ್ದನ್ನು ಅವನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಆದರೆ ಒಂದೇ ಹೊಡೆತಕ್ಕೆ ರೈತನಿಗೊಂದು, ಖರೀದಿದಾರನಿಗೊಂದು, ಅಂಗಡಿಗೊಂದು ಪ್ರತಿ ಕೊಡುವುದು ಅದೊಂದೇ. ಹನ್ನೊಂದು ಬಂದ ಮೇಲೆ ಅವನು ಬೇರೆ ಯಾವುದೋ ಡ್ರೈವರ್ ಹಾಕಿಕೊಟ್ಟ. ಮರುದಿನ ಮಾನ್ವಿ ಕಡೆಯ ರೈತರೊಬ್ಬರ ಲೆಕ್ಕಪಟ್ಟಿ ಹಾಳೆಗೊಂದು ಸಾಲಿನಂತೆ ಹೊರಬರತೊಡಗಿ, ಕಟ್ಟೆ ಇಳಿದು, ಅಂಗಳದ ಹತ್ತಿ ಅಂಡಿಗೆಗಳ ತನಕ ಹೋಯಿತು. ಅವರು ಅದನ್ನು ನಿಧಾನವಾಗಿ ಮಡಚಿ ಕಂಕುಳಲ್ಲಿಟ್ಟುಕೊಂಡು, "ಕಾಗದ ಇಷ್ಟು ಕೊಟ್ಟಿದ್ದೀರಿ, ದರವನ್ನೂ ಸ್ವಲ್ಪ ಬೆಳೆಸಿ" ಎಂದರು.

ಅಪ್‌ಗ್ರೇಡ್ ಆದ ಬಳಿಕ ಹಳೆಯ ವ್ಯವಸ್ಥೆ 'ವಿಂಡೋಸ್ ಡಾಟ್ ಓಲ್ಡ್' ಎಂಬ ಫೋಲ್ಡರಿನಲ್ಲಿ ಇರುತ್ತದೆ, ಮನಸ್ಸು ಬದಲಾದರೆ ಹತ್ತು ದಿನದೊಳಗೆ ಹಿಂದಿರುಗಬಹುದು ಎಂದು ಸಾಹುಕಾರರಿಗೆ ತಿಳಿಸಿದಾಗ ಅವರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಆ ಹತ್ತು ದಿನ ಮುಗಿಯುವಂದು ಎಂದಿಗಿಂತ ಬೇಗ ಅಂಗಡಿಗೆ ಬಂದು, ಜೇಬಿನಿಂದ ಹೊಸ ಪೆನ್ ಡ್ರೈವ್ ತೆಗೆದು ನನ್ನ ಮೇಜಿನ ಮೇಲಿಟ್ಟರು.

"ಅದಷ್ಟನ್ನೂ ಇದರಲ್ಲಿ ತುಂಬಿಕೊಡಿ."