ಟೆಂಡರ್ ಕರೆಯದೆ ಹಾಸಿದ ಕಲ್ಲು

ಶುಕ್ರವಾರ ರಾತ್ರಿಯಾದರೆ ಸಾಕು, ಬೆಂಗಳೂರಿನವರಿಗೆ ಕಡಲು ನೆನಪಾಗುತ್ತದೆ. ಆನಂದರಾವ್ ಸರ್ಕಲ್ಲಿನಲ್ಲಿ ಸ್ಲೀಪರ್ ಬಸ್ ಹತ್ತಿ, ಶಿರಾಡಿ ಘಾಟಿಯ ತಿರುವುಗಳಲ್ಲಿ ಉರುಳಾಡಿ, ಬೆಳಗ್ಗೆ ಮಲ್ಪೆಯಲ್ಲಿ ದೋಣಿಯ ಸಾಲಿಗೆ ನಿಂತರೆ ಅರ್ಧ ಜಯನಗರ ನಮಗಿಂತ ಮುಂದೆ ನಿಂತಿರುತ್ತದೆ. ಸುಮಾರು ನಾನೂರು ಕಿಲೋಮೀಟರ್ ಬಂದದ್ದು ಈ ಜನಜಂಗುಳಿಯಿಂದ ತಪ್ಪಿಸಿಕೊಳ್ಳಲಿಕ್ಕೆ!

ಸೇಂಟ್ ಮೇರೀಸ್ ದ್ವೀಪ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಮಡಗಾಸ್ಕರ್ ನಮ್ಮಿಂದ ಬೇರೆ ಮನೆ ಮಾಡಿಕೊಂಡು ಹೋದ ಕಾಲದಲ್ಲಿ, ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಉಕ್ಕಿದ ಲಾವಾ ತಣಿದು, ಕುಗ್ಗಿ, ಬಿರುಕುಬಿಟ್ಟು ಐದಾರು ಮೂಲೆಯ ಕಂಬಗಳಾಗಿ ನಿಂತಿದೆ. ನಮ್ಮ ಅಪಾರ್ಟ್‌ಮೆಂಟಿನ ಕಾರ್ಯದರ್ಶಿಗಳು ಅದರ ಮೇಲೇ ನಿಂತು, "ಫಿನಿಶಿಂಗ್ ನೋಡಿ ಸಾರ್! ನಮ್ಮ ಫುಟ್‌ಪಾತಿಗೆ ಇದನ್ನೇ ಹಾಕಿಸಬೇಕಿತ್ತು" ಎಂದರು. ನಿಜವೇ. ಟೆಂಡರ್ ಇಲ್ಲ, ಗುದ್ದಲಿ ಪೂಜೆ ಇಲ್ಲ, ಶಾಸಕರ ಫ್ಲೆಕ್ಸ್ ಇಲ್ಲ. ಹಾಸಿದ ಮಾರನೇ ದಿನ ನೀರಿನ ಪೈಪಿಗೆಂದು ಒಬ್ಬರು, ಕೇಬಲ್ಲಿಗೆಂದು ಇನ್ನೊಬ್ಬರು ಬಂದು ಅಗೆದೂ ಇಲ್ಲ. ಬೆಂಗಳೂರಿನಲ್ಲಾಗಿದ್ದರೆ ಲಾವಾ ತಣಿಯುವ ಮೊದಲೇ ಒಳಚರಂಡಿಯವರು ಬಂದಿಳಿಯುತ್ತಿದ್ದರು.

ಆ ಕೊರತೆಯನ್ನು ನಾವು ಪ್ರವಾಸಿಗರು ತುಂಬಿಕೊಡುತ್ತಿದ್ದೇವೆ. ಕಡಲು ಇಷ್ಟು ಕಾಲ ಬಡಿದರೂ ಬಗ್ಗದ ಕಲ್ಲಿನ ಮೇಲೆ ಹುಡುಗನೊಬ್ಬ ಬೈಕಿನ ಕೀಲಿಯಿಂದ ತನ್ನ ಹೆಸರು, ಅವಳ ಹೆಸರು, ನಡುವೆ ಒಂದು ಹೃದಯ ಕೆತ್ತಿ ಮುಗಿಸಿದ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದಿದ್ದನೆಂಬ ಪ್ರತೀತಿಯಿದೆ. ಪುಣ್ಯಕ್ಕೆ ಅವನ ಹತ್ತಿರ ಬೈಕ್ ಇರಲಿಲ್ಲ.

"ಆಚೆ ಹೋಗ್ಬೇಡಿ ಮಾರಾಯ್ರೆ, ಪಾಚಿ ಉಂಟು, ಜಾರ್ತದೆ!" ಎಂದು ಕಾವಲಿನವರು ಸೀಟಿ ಊದಿದರು. ಸೀಟಿ ರೀಲ್ಸಿನ ಹಿನ್ನೆಲೆ ಸಂಗೀತಕ್ಕೆ ಚೆನ್ನಾಗಿ ಕೂಡಿಕೊಂಡಿತು. ಮಳೆಗಾಲದಲ್ಲಿ ಮಾತ್ರ ದೋಣಿ ಬಂದ್. ದ್ವೀಪವನ್ನು ಲಂಚ, ಶಿಫಾರಸು ಎರಡಕ್ಕೂ ಮಣಿಯದೆ ಕಾಯುವ ಇಲಾಖೆ ನನಗೆ ಕಂಡಂತೆ ಮುಂಗಾರು ಒಂದೇ.

ವಾಪಸಾಗುವಾಗ ಕಾರ್ಯದರ್ಶಿಗಳಿಗೆ ಹೇಳಿದೆ: ನಮ್ಮ ಲಾಲ್‌ಬಾಗಿನ ಬಂಡೆಯೂ ಇಂಥದೇ ರಾಷ್ಟ್ರೀಯ ಸ್ಮಾರಕ, ವಯಸ್ಸು ಸುಮಾರು 300 ಕೋಟಿ ವರ್ಷ, ಇದು ಅದರ ಮುಂದೆ ತೊಟ್ಟಿಲ ಕೂಸು. ಅವರು ಬೆರಗಾದರು. ಮುಂದಿನ ಭಾನುವಾರ ಎಲ್ಲರನ್ನೂ ಕರೆದುಕೊಂಡು ಹೋಗೋಣವೇ ಎಂದೆ.

"ಲಾಲ್‌ಬಾಗಾ? ಅಷ್ಟು ದೂರ ಯಾರು ಹೋಗ್ತಾರೆ ಸಾರ್, ಅಲ್ಲಿ ಪಾರ್ಕಿಂಗ್ ಬೇರೆ ಸಿಗಲ್ಲ."