ಮಾತು ಸೋತರೆ ಸುಮ್ಮನಿರಬೇಕೇ?

ದೇವರ ವಿಷಯದಲ್ಲಿ ಮಾತು ಸೋಲುತ್ತದೆ, ಹಾಗಾಗಿ ಮೌನವೊಂದೇ ಪ್ರಾಮಾಣಿಕ ಎಂದು ವಾದಿಸುವ ಲೇಖನವೊಂದನ್ನು ಓದಿದೆ. ಅದರ ಲೇಖಕರ ತೀರ್ಮಾನದಲ್ಲಿ ಮೊದಲರ್ಧಕ್ಕೆ ನನ್ನ ತಕರಾರಿಲ್ಲ. ಆದರೆ ಹೇಳಲಾಗದ್ದರ ಬಗ್ಗೆ ಸುಮ್ಮನಿರಬೇಕು ಎಂದು 1921ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ತತ್ವಜ್ಞಾನಿ ವಿಟ್‌ಗೆನ್‌ಸ್ಟೈನ್ ಬರೆದದ್ದನ್ನು ಎತ್ತಿಕೊಂಡವರು, ಅದೇ ಮನುಷ್ಯ 1929ರಲ್ಲಿ ಕೇಂಬ್ರಿಜ್‌ಗೆ ಮರಳಿ, ಮುಂದೆ ಮಾತಿನ ಅರ್ಥವನ್ನು ಅದರ ಬಳಕೆಯಲ್ಲಿ ನೋಡಿ ಎನ್ನುವಲ್ಲಿಗೆ ಬಂದದ್ದನ್ನು ಏಕೆ ಬಿಟ್ಟರು? ನಮ್ಮ ತುಮಕೂರು ಜಿಲ್ಲೆಯ ವಚನಕಾರ ಎಡೆಯೂರು ಸಿದ್ಧಲಿಂಗರು ದೇವರನ್ನು ಬಯಲು, ಶೂನ್ಯ, ಅಂದರೆ ಮಾತಿಗೆ ಸಿಗದ್ದು ಎನ್ನುತ್ತಲೇ 700ಕ್ಕೂ ಹೆಚ್ಚು ವಚನ ರಚಿಸಿದರು. ಮಾತು ದಂಡ ಅನ್ನಿಸಿದ್ದರೆ ಅಷ್ಟು ಪಾಡು ಪಡುತ್ತಿದ್ದರೇ?

ದೇವರ ಕುರಿತ ಮಾತೆಲ್ಲ ವರ್ಣನೆಯೇ ಎಂದು ಲೇಖಕರು ಅಂದುಕೊಂಡಂತಿದೆ. ಎಡೆಯೂರಿನ ಗುಡಿಯಲ್ಲಿ ಒಮ್ಮೆ ನನ್ನ ಪಕ್ಕ ನಿಂತಿದ್ದ ಅಜ್ಜಿಯೊಬ್ಬರು ಸೆರಗಿನ ಗಂಟು ಬಿಚ್ಚಿ ಹುಂಡಿಗೆ ಕಾಸು ಹಾಕುತ್ತಾ, “ರಾಗಿ ಒಣಗ್ತೈತೆ ಕಣಪ್ಪಾ, ಕಾಣಾಕಿಲ್ವಾ ನಿಂಗೆ?” ಎಂದು ದಬಾಯಿಸಿದರು. (ಪೂಜಾರಿಗಳು ನಕ್ಕರು, ಅಜ್ಜಿ ನಗಲಿಲ್ಲ.) ಆಕೆ ದೇವರ ಸ್ವರೂಪ ವಿವರಿಸುತ್ತಿರಲಿಲ್ಲ, ಜಗಳಕ್ಕೆ ನಿಂತಿದ್ದರು. ಲೇಖಕರೇ, ಮಾತಿಗೆ ನೀವು ಹೇಳುವ ಮಿತಿ ವ್ಯಾಖ್ಯಾನ ಮಾಡಹೊರಟವರಿಗೆ ಸರಿ. ಕರೆಯುವವರಿಗೆ, ಬೈಯುವವರಿಗೆ, ಬೇಡುವವರಿಗೆ ಅದು ಹೇಗೆ ಅನ್ವಯಿಸುತ್ತದೆ ಅನ್ನುವುದಕ್ಕೆ ಲೇಖನದಲ್ಲಿ ಒಂದು ಸಾಲೂ ಇಲ್ಲವಲ್ಲ ಸ್ವಾಮಿ?